ತಗ್ಗಿಸಿದ ಸಫಾರಿಯ ಓಲಾಟ ನಿಲ್ಲಿಸಲು ಹಿಡಿದ ಒಂಬತ್ತು ತಿಂಗಳು

ಹಳೆಯ ಎಸ್‌ಯುವಿ ಕೊಂಡಿದ್ದೀರಿ, ಹಿಂದಿನ ಮಾಲೀಕರು ಅದನ್ನು ನೆಲಕ್ಕೆ ಹತ್ತಿರ ಇಳಿಸಿದ್ದಾರೆ, ನೋಡಲು ಚೆನ್ನಾಗಿದೆ, ಆದರೆ ತಿರುವು ಬಂದರೆ ದೋಣಿಯಂತೆ ಒಂದು ಪಕ್ಕಕ್ಕೆ ವಾಲುತ್ತದೆ. ಇಂಥ ಸ್ಥಿತಿಯಲ್ಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಈ ಕೆಲಸವನ್ನು ತಲೆಕೆಳಗಾದ ಕ್ರಮದಲ್ಲಿ ಮಾಡಿದೆ. ಮೊದಲು ಮಾಡಬೇಕಾದದ್ದನ್ನು ಕೊನೆಗೆ ಮಾಡಿ, ದುಡ್ಡನ್ನೂ ದಿನಗಳನ್ನೂ ಕಳೆದುಕೊಂಡೆ. ನಿಮಗೆ ಹಾಗಾಗಬಾರದು.

ನನ್ನದು 2010ರ ಅಕ್ಟೋಬರಿನಲ್ಲಿ ನೋಂದಣಿಯಾದ ಟಾಟಾ ಸಫಾರಿ, 2.2 ಡೈಕಾರ್ ಎಂಜಿನ್‌ನದು. 2024ರ ನವೆಂಬರಿನಲ್ಲಿ ಬೆಂಗಳೂರಿನ ಒಬ್ಬ ಯುವಕನಿಂದ ಕೊಂಡು ಹಾಸನಕ್ಕೆ ತಂದೆ. ಎಂಜಿನ್ ಗಟ್ಟಿಯಾಗಿತ್ತು, ತುಕ್ಕು ಇರಲಿಲ್ಲ. ಚಕ್ರದ ಮೇಲಿನ ಅಂತರ ಕಡಿಮೆಯಿರುವುದು ಕಣ್ಣಿಗೆ ಬಿದ್ದಿತ್ತು. ಕೇಳಿದ್ದಕ್ಕೆ, "ಸ್ವಲ್ಪ ಇಳಿಸಿದ್ದೇನೆ ಸರ್, ಕೆಳಗಿದ್ದರೆ ವಾಲುವುದಿಲ್ಲ" ಎಂದ. ನಾನೂ ಒಪ್ಪಿಕೊಂಡೆ. ತೂಕ ಕೆಳಗಿಳಿದರೆ ವಾಲುವುದು ಕಡಿಮೆಯಾಗಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಒಂಬತ್ತು ತಿಂಗಳು ನನ್ನನ್ನು ಅಲೆಸಿದ್ದು ಈ ಒಂದು ನಂಬಿಕೆಯೇ.

ಜನವರಿಯಲ್ಲಿ ಅಮ್ಮನನ್ನು ಕರೆದುಕೊಂಡು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಧರ್ಮಸ್ಥಳಕ್ಕೆ ಹೊರಟೆವು. ಮೂಡಿಗೆರೆಯವರೆಗೆ ಏನೂ ಅನ್ನಿಸಲಿಲ್ಲ. ಚಾರ್ಮಾಡಿ ಘಾಟಿಯ ಮೊದಲ ಹೇರ್‌ಪಿನ್ ತಿರುವಿನಲ್ಲೇ ಬಂಡಿ ಎಡಕ್ಕೆ ವಾಲಿತು, ವಾಲುತ್ತಲೇ ಹೋಯಿತು, ಆಮೇಲೆ ಎಲ್ಲೋ ಕೆಳಗೆ 'ಧಡ್' ಎಂದು ಬಡಿದು ನಿಂತಿತು. ಸ್ಟೀರಿಂಗ್ ನೇರ ಮಾಡಿದರೆ ಇನ್ನೊಂದು ಪಕ್ಕಕ್ಕೆ ತೂಗಿ ಮತ್ತೆ ಮಧ್ಯಕ್ಕೆ ಬರುತ್ತಿತ್ತು. ಕನ್ನಡಿಯಲ್ಲಿ ನೋಡಿದೆ. ಅಮ್ಮ ಬಾಗಿಲ ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಮೂಸುತ್ತಿದ್ದ ನಿಂಬೆಹಣ್ಣು ಸೀಟಿನ ಈ ತುದಿಯಿಂದ ಆ ತುದಿಗೆ ಉರುಳಾಡುತ್ತಿತ್ತು. ಎರಡು ಕಡೆ ನಿಲ್ಲಿಸಬೇಕಾಯಿತು. ವಾಪಸು ಬರುವಾಗ ಅವರು, "ನಾನು ಬಸ್ಸಿನಲ್ಲಿ ಬರುತ್ತೇನಪ್ಪಾ, ನೀನು ನಿಧಾನವಾಗಿ ಬಾ" ಎಂದರು. ಆ ಮಾತು ನನಗೆ ಬಹಳ ನೋವು ಕೊಟ್ಟಿತು. ಅಮ್ಮನನ್ನು ಕರೆದುಕೊಂಡು ಓಡಾಡಲೆಂದೇ ಕೊಂಡ ವಾಹನವದು.

ಊರಿಗೆ ಬಂದ ಮರುದಿನ ಖರ್ಚಿಲ್ಲದ ಕೆಲಸಗಳನ್ನು ಮುಗಿಸಿದೆ. ಟೈರಿನಲ್ಲಿ ಗಾಳಿ 26 ಪಿಎಸ್‌ಐ ಇತ್ತು, ಬಾಗಿಲ ಬಳಿಯ ಸ್ಟಿಕರ್‌ನಲ್ಲಿ ಬರೆದಷ್ಟು ತುಂಬಿಸಿದೆ. ಈ ಬಂಡಿಯ ಟೈರು 235/70 ಆರ್16. ಅಂದರೆ ಪಕ್ಕದ ಗೋಡೆಯೇ 16 ಸೆಂಟಿಮೀಟರಿಗೂ ಹೆಚ್ಚು. ಗಾಳಿ ಕಡಿಮೆಯಾದರೆ ಆ ಗೋಡೆ ಮಡಚಿಕೊಂಡು, ಸಸ್ಪೆನ್ಷನ್ ಕೆಲಸ ಶುರುವಾಗುವ ಮೊದಲೇ ಒಂದಿಷ್ಟು ವಾಲಾಟ ಅಲ್ಲೇ ಆಗುತ್ತದೆ. ಚಾವಣಿಯ ಮೇಲೆ ಹಿಂದಿನವರು ಹಾಕಿಸಿದ್ದ ಕಬ್ಬಿಣದ ಕ್ಯಾರಿಯರ್ ಬಿಚ್ಚಿಸಿದೆ. ಗುಜರಿ ಅಂಗಡಿಯ ತಕ್ಕಡಿಯಲ್ಲಿ ಅದು 38 ಕಿಲೋ ತೂಗಿತು. ಎರಡು ಮೀಟರ್ ಎತ್ತರದಲ್ಲಿ 38 ಕಿಲೋ ಹೊತ್ತ ಬಂಡಿ ವಾಲದೆ ಏನು ಮಾಡುತ್ತದೆ? ಇವೆರಡರಿಂದಲೇ ಸ್ವಲ್ಪ ಸಮಾಧಾನವಾಯಿತು. ಆದರೆ ಆ 'ಧಡ್' ಹೋಗಲಿಲ್ಲ.

ಮೊದಲು ಹೋದ ಗ್ಯಾರೇಜಿನವರು ಬಾನೆಟ್ಟಿನ ಮೂಲೆ ಒತ್ತಿ ನೋಡಿ, ನಾಲ್ಕೂ ಶಾಕ್ ಅಬ್ಸಾರ್ಬರ್ ಹೋಗಿವೆ ಎಂದರು. ನಿಜವೇ, ಹಿಂದಿನ ಎರಡರಲ್ಲಿ ಎಣ್ಣೆ ಸೋರುತ್ತಿತ್ತು. ಹಳೆಯ ಮಾಡೆಲ್ ಆದ್ದರಿಂದ ಸರಕು ಬರಲು 11 ದಿನ ಹಿಡಿಯಿತು. ಕೂಲಿ ಸೇರಿ 13,600 ರೂಪಾಯಿ. ಹಾಕಿಸಿದ ಮೇಲೆ ನೇರ ರಸ್ತೆಯಲ್ಲಿ ತೂಗಾಟ ನಿಂತಿತು, ಹಂಪ್ ದಾಟಿದ ಮೇಲೆ ಬಂಡಿ ಒಂದೇ ಸಲ ಕುಳಿತುಕೊಳ್ಳುತ್ತಿತ್ತು. ಖುಷಿಯಾಯಿತು. ಆದರೆ ಸಕಲೇಶಪುರದ ಕಡೆ ಒಂದು ಉದ್ದ ತಿರುವಿನಲ್ಲಿ ಗಮನಿಸಿದೆ. ಬಂಡಿ ನಿಧಾನವಾಗಿ ವಾಲುತ್ತದೆ, ಆದರೆ ವಾಲುವುದು ಮೊದಲಿನಷ್ಟೇ. ಇದು ನಾನು ಕಲಿತ ಮೊದಲ ಪಾಠ. ಶಾಕ್ ಅಬ್ಸಾರ್ಬರ್ ತಡೆಯುವುದು ಚಲನೆಯ ವೇಗವನ್ನು. ತಿರುವು ಉದ್ದವಾಗಿದ್ದರೆ, ಎಷ್ಟು ವಾಲಬೇಕೆಂದು ತೀರ್ಮಾನಿಸುವುದು ಸ್ಪ್ರಿಂಗು ಮತ್ತು ಎಡಬಲ ಚಕ್ರಗಳನ್ನು ಜೋಡಿಸುವ ಸರಳಾದ ಸ್ಟೆಬಿಲೈಸರ್ ಬಾರ್.

ಎರಡನೇ ಕಡೆಯಲ್ಲಿ ಹಿಂದಿನ ಕಾಯಿಲ್ ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ಬಫರ್ ತೂರಿಸಿದರು. 2,800 ರೂಪಾಯಿ. ಇದನ್ನು ದಯವಿಟ್ಟು ಮಾಡಿಸಬೇಡಿ. ವಾಲಾಟ ಒಂದಿಷ್ಟು ಕಡಿಮೆಯಾದದ್ದು ನಿಜ, ಆದರೆ ಹಿಂಬದಿ ಗುಂಡಿಯಿಂದ ಗುಂಡಿಗೆ ನೆಗೆಯತೊಡಗಿತು. ಮಳೆ ಬಂದ ಒಂದು ಸಂಜೆ ಆಲೂರಿನ ಹತ್ತಿರ ತಿರುವಿನಲ್ಲಿ ಹಿಂದಿನ ಚಕ್ರಗಳು ಅಂಗೈಯಗಲ ಪಕ್ಕಕ್ಕೆ ಸರಿದವು. ಎದೆ ಹೊಡೆದುಕೊಳ್ಳುವುದು ನಿಲ್ಲಲು ರಸ್ತೆ ಬದಿಯಲ್ಲಿ ಹತ್ತು ನಿಮಿಷ ಕುಳಿತೆ. ಮುಂಭಾಗ ಮೆತ್ತಗಿದ್ದು ಹಿಂಭಾಗವನ್ನು ಮಾತ್ರ ಗಟ್ಟಿ ಮಾಡಿದರೆ ಹಿಡಿತ ತಪ್ಪುವುದು ಹಿಂದಿನ ಚಕ್ರಗಳದ್ದೇ. ಮುಂದಿನ ಚಕ್ರ ಜಾರಿದರೆ ವೇಗ ಇಳಿಸಿಕೊಳ್ಳಬಹುದು, ಹಿಂದಿನದು ಜಾರಿದರೆ ಬಂಡಿ ತಿರುಗಿಯೇಬಿಡುತ್ತದೆ. ಬಫರ್‌ಗಳನ್ನು ಮರುದಿನವೇ ತೆಗೆಸಿದೆ.

ಮೂರನೆಯವರು ದಪ್ಪ ಸ್ಟೆಬಿಲೈಸರ್ ಬಾರ್, ಗಡುಸಾದ ಸ್ಪ್ರಿಂಗ್ ಎಲ್ಲ ಸೇರಿ 38,000 ರೂಪಾಯಿ ಲೆಕ್ಕ ಕೊಟ್ಟರು. ಮುಂಗಡ ಕೊಡುವ ಹಂತಕ್ಕೆ ಬಂದಿದ್ದೆ. ಆ ಹೊತ್ತಿಗೆ ನನ್ನ ಭಾವನೆಂಟರು ಒಂದು ಮಾತು ಕೇಳಿದರು: "ಅಕ್ಟೋಬರಿಗೆ ಹದಿನೈದು ವರ್ಷ ಆಗುತ್ತದಲ್ಲ, ಎಫ್‌ಸಿಗೆ ಈ ಬಂಡಿಯನ್ನು ಹೀಗೇ ತೆಗೆದುಕೊಂಡು ಹೋಗುತ್ತೀರಾ?"

ಎಫ್‌ಸಿ, ಅಂದರೆ ನೋಂದಣಿ ನವೀಕರಣಕ್ಕೆ ಬೇಕಾದ ವಾಹನ ತಪಾಸಣೆ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಆ ರಾತ್ರಿ ಕುಳಿತು ಓದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಬದಲಾವಣೆ ಮಾಡಿದ್ದು ಹಿಂದಿನವರಾದರೂ ಈಗ ಉತ್ತರ ಹೇಳಬೇಕಾದವನು ನಾನು. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು. ಕೆಳಗಿಳಿದದ್ದನ್ನು ಹಾಗೆಯೇ ಇಟ್ಟುಕೊಂಡು ಗಟ್ಟಿ ಮಾಡುವ ಯೋಚನೆಯನ್ನು ಅಂದೇ ಬಿಟ್ಟೆ. ಮಾಡಿದರೆ ಮೂಲ ಸ್ಥಿತಿಗೆ ತರಬೇಕು ಎಂದು ನಿರ್ಧರಿಸಿದೆ. ಸ್ವಲ್ಪ ಮೇಲೆತ್ತಿದರೆ ಇನ್ನೂ ಹೆಚ್ಚು ವಾಲೀತೇನೋ ಎಂಬ ಭಯ ಮಾತ್ರ ಉಳಿಯಿತು.

ಆ ಭಯ ಬಿಡಿಸಿದವರು ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಶೆಡ್ ಇಟ್ಟುಕೊಂಡಿರುವ ಒಬ್ಬ ಹಿರಿಯ ಮೇಸ್ತ್ರಿ. ಅವರು ಓಡಿಸಿ ನೋಡಲಿಲ್ಲ, ಬಾನೆಟ್ ಒತ್ತಲಿಲ್ಲ. ಗೋಣಿಚೀಲ ಹಾಸಿ ಬಂಡಿಯ ಕೆಳಗೆ ಮಲಗಿದರು. ಐದು ನಿಮಿಷದ ಮೇಲೆ, "ಸ್ವಾಮಿ, ನೀವೂ ಬನ್ನಿ" ಎಂದು ಕರೆದರು. ನಾನೂ ಪಕ್ಕದಲ್ಲಿ ಮಲಗಿದೆ. ಮುಂಭಾಗದ ಸ್ಟೆಬಿಲೈಸರ್ ಬಾರನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಕ್ಲಾಂಪಿನ ಒಳಗೆ ಅದು ಗಂಟೆಯ ನಾಲಿಗೆಯಂತೆ ಓಡಾಡಿತು. ಒಳಗಿನ ರಬ್ಬರ್ ಬುಷ್ ಸವೆದು ಒಣಗಿದ ಹುಣಸೆ ಸಿಪ್ಪೆಯಂತಾಗಿತ್ತು. ಆಮೇಲೆ ಟಾರ್ಚನ್ನು ಎಡಕ್ಕೆ ತಿರುಗಿಸಿದರು. ಬಾರನ್ನು ಚಕ್ರದ ಕಡೆಗೆ ಜೋಡಿಸುವ ಲಿಂಕ್ ರಾಡ್ ತುಂಡಾಗಿ ತುದಿ ನೇತಾಡುತ್ತಿತ್ತು.

ಎಡಬಲ ಚಕ್ರಗಳನ್ನು ಕಟ್ಟಿಹಾಕುವ ಸರಳು ಅದು. ತಿರುವಿನಲ್ಲಿ ಹೊರಗಿನ ಚಕ್ರ ಮೇಲಕ್ಕೆ ಒತ್ತಿಕೊಂಡಾಗ ಈ ಸರಳು ತಿರುಚಿಕೊಂಡು, ಒಳಗಿನ ಪಕ್ಕ ಮೇಲೇಳದಂತೆ ಎಳೆದು ಹಿಡಿಯುತ್ತದೆ. ಒಂದು ಕಡೆಯ ಲಿಂಕ್ ಮುರಿದರೆ ಸರಳು ಇದ್ದೂ ಇಲ್ಲದಂತೆ. ಮೂರು ಗ್ಯಾರೇಜು ತಿರುಗಿ, 16,400 ರೂಪಾಯಿ ಸುರಿದಿದ್ದೆ. ಇಷ್ಟು ದಿನ ಬಂಡಿಗೆ ಸ್ಟೆಬಿಲೈಸರ್ ಬಾರೇ ಇರಲಿಲ್ಲ ಎಂದಾಯಿತು. ಬುಷ್‌ಗಳು, ಎರಡೂ ಕಡೆಯ ಲಿಂಕ್ ರಾಡ್, ಕೂಲಿ ಎಲ್ಲ ಸೇರಿ 2,350 ರೂಪಾಯಿ ಆಯಿತು. ನನ್ನ ಇಡೀ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಈ ಮೊತ್ತವೇ. ನೀವು ಏನೇ ಮಾಡಿಸುವ ಮೊದಲು ಇದನ್ನು ನೋಡಿಸಿ. ಲಿಂಕ್ ಯಾಕೆ ಮುರಿಯಿತು ಎಂದೂ ಅವರು ತೋರಿಸಿದರು. ಬಂಡಿ ಇಳಿದ ಮೇಲೆ ಲಿಂಕ್ ನಿಲ್ಲಬೇಕಾದ ಕೋನದಲ್ಲಿ ನಿಲ್ಲದೆ ಓರೆಯಾಗಿ ಎಳೆಸಿಕೊಂಡು ದಣಿದಿತ್ತು.

ಇನ್ನು ಇಳಿಸಿದ ವಿಧಾನ. ಸಫಾರಿಯ ಮುಂಭಾಗದಲ್ಲಿ ಕಾಯಿಲ್ ಸ್ಪ್ರಿಂಗ್ ಇಲ್ಲ, ಟಾರ್ಷನ್ ಬಾರ್ ಇದೆ. ಒದ್ದೆ ಬಟ್ಟೆಯನ್ನು ಹಿಂಡಿದ ಹಾಗೆ ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸರಳು. ಅದರ ತುದಿಯ ಬೋಲ್ಟ್ ಸಡಿಲಿಸಿದರೆ ಮುಂಭಾಗ ಇಳಿಯುತ್ತದೆ, ಆದರೆ ಸರಳಿನ ಗಡಸುತನ ಒಂದಿಷ್ಟೂ ಹೆಚ್ಚುವುದಿಲ್ಲ. ಬೋಲ್ಟಿನ ಹೊಳೆಯುವ ಮರೆಗಳೇ (ಥ್ರೆಡ್) ಎಷ್ಟು ಬಿಚ್ಚಿದ್ದಾರೆಂದು ಹೇಳುತ್ತಿದ್ದವು. ಹಿಂದಿನ ಸ್ಪ್ರಿಂಗುಗಳನ್ನು ಕಟ್ಟಿಂಗ್ ಯಂತ್ರದಲ್ಲಿ ಒಂದೊಂದು ಸುತ್ತು ಕತ್ತರಿಸಿದ್ದರು. ಕತ್ತರಿಸಿದ ತುದಿ ಸ್ಪ್ರಿಂಗ್ ಕೂರುವ ಜಾಗದಲ್ಲಿ ಸರಿಯಾಗಿ ಕೂರದೆ, ಚಕ್ರ ಗುಂಡಿಗೆ ಇಳಿದಾಗ ಸಡಿಲವಾಗಿ ಟಕ್ ಎನ್ನುತ್ತಿತ್ತು. ಬಂಡಿ ಕೆಳಗಿಳಿದಿದ್ದರೂ ಯಾಕೆ ಹೆಚ್ಚು ವಾಲಿತು ಎಂದು ಕೇಳಿದಾಗ ಮೇಸ್ತ್ರಿ ಮುಂದಿನ ತೋಳುಗಳನ್ನು, ಅಂದರೆ ಚಕ್ರವನ್ನು ಚಾಸಿಸಿಗೆ ಜೋಡಿಸುವ ಕೈಗಳನ್ನು, ತೋರಿಸಿದರು. ಹೊರಗಡೆಗೆ ಇಳಿಜಾರಾಗಿ ಇರಬೇಕಾದ ತೋಳುಗಳು ಮಟ್ಟವಾಗಿಬಿಟ್ಟಿದ್ದವು. ವಾಹನ ವಾಲುವಾಗ ಒಂದು ಬಿಂದುವಿನ ಸುತ್ತ ತಿರುಗುತ್ತದೆ. ಆ ಬಿಂದುವಿಗೂ ವಾಹನದ ತೂಕದ ಕೇಂದ್ರಕ್ಕೂ ಇರುವ ಅಂತರ ಸನ್ನೆಗೋಲಿದ್ದಂತೆ. ತೋಳುಗಳು ಮಟ್ಟವಾದಾಗ ಆ ಬಿಂದು ತೂಕದ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಸನ್ನೆಗೋಲು ಉದ್ದವಾಗುತ್ತದೆ. ಬಂಡಿ ತಗ್ಗಿದರೂ ವಾಲಿಸುವ ಬಲ ಹೆಚ್ಚುತ್ತದೆ. ಚಾರ್ಮಾಡಿಯಲ್ಲಿ ಕೇಳಿದ 'ಧಡ್' ಏನೆಂದೂ ಆಗ ಗೊತ್ತಾಯಿತು. ತೋಳಿಗೂ ಅದು ಮಿತಿ ಮೀರಿ ಮೇಲೇಳದಂತೆ ತಡೆಯುವ ರಬ್ಬರ್ ಬಂಪ್ ಸ್ಟಾಪಿಗೂ ಮಧ್ಯೆ ಒಂದು ಬೆರಳು ತೂರುವಷ್ಟೇ ಜಾಗ ಉಳಿದಿತ್ತು. ಸ್ವಲ್ಪ ವಾಲಿದರೆ ಸಾಕು, ಬಂಡಿಯ ಭಾರವೆಲ್ಲ ಆ ರಬ್ಬರಿನ ಮೇಲೆ ಬೀಳುತ್ತಿತ್ತು.

ಹಿಂದಿನ ಹೊಸ ಸ್ಪ್ರಿಂಗಿಗಾಗಿ ಕಾದದ್ದು 19 ದಿನ. ಕೊನೆಗೆ ನಾನೇ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಬೆಳಿಗ್ಗೆಯಿಂದ ಅಂಗಡಿ ಅಂಗಡಿ ಹತ್ತಿಳಿದೆ. ಹೋಗುವವರಿಗೆ ಒಂದು ಮಾತು: ಆರ್‌ಸಿಯ ಪ್ರತಿ ಮತ್ತು ಚಾಸಿಸ್ ಸಂಖ್ಯೆ ಕೈಯಲ್ಲಿರಲಿ. 'ಸಫಾರಿ' ಎಂದಷ್ಟೇ ಹೇಳಿದರೆ ಬೇರೆ ಬೇರೆ ಕಾಲದ ಮಾದರಿಗಳ ಸರಕು ಮುಂದಿಡುತ್ತಾರೆ. ಒಂದು ಅಂಗಡಿಯಲ್ಲಿ ಎರಡು ಸ್ಪ್ರಿಂಗುಗಳ ಎತ್ತರ ಬೆರಳಗಲ ವ್ಯತ್ಯಾಸವಿತ್ತು. ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ ನೋಡಿದ್ದರಿಂದ ಉಳಿದುಕೊಂಡೆ. ಜೋಡಿಗೆ 7,200, ಕೂಲಿ 1,500. ಮುಂದಿನ ಕೆಳತೋಳಿನ ಬುಷ್‌ಗಳು, ಅವನ್ನು ಪ್ರೆಸ್‌ನಲ್ಲಿ ಕೂರಿಸುವ ಕೂಲಿ ಸೇರಿ 6,400. ಹಿಂದಿನ ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡಿನ ಬುಷ್ 1,100.

ಬುಷ್ ಹಾಕುವಾಗಿನ ಒಂದು ವಿಷಯ ಎಲ್ಲರೂ ನೆನಪಿಡಬೇಕು. ಮೇಸ್ತ್ರಿ ಊಟಕ್ಕೆ ಹೋಗಿದ್ದಾಗ ಅವರ ಹುಡುಗ, ಬಂಡಿ ಜಾಕ್ ಮೇಲೆ ಚಕ್ರ ನೇತಾಡುತ್ತಿದ್ದಂತೆಯೇ ತೋಳಿನ ಬೋಲ್ಟುಗಳನ್ನು ಬಿಗಿದುಬಿಟ್ಟ. ಬಂದವರೇ ಮೇಸ್ತ್ರಿ ಎಲ್ಲವನ್ನೂ ಮತ್ತೆ ಸಡಿಲಿಸಿದರು. ಗಾಳಿಯಲ್ಲಿ ಬಿಗಿದರೆ ರಬ್ಬರ್ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಬಂಡಿ ನೆಲಕ್ಕಿಳಿದ ಕ್ಷಣದಿಂದ ಅದು ಸದಾ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ, ಎತ್ತರವೂ ಸುಳ್ಳು ತೋರಿಸುತ್ತದೆ. ಚಕ್ರ ನೆಲದ ಮೇಲಿದ್ದು, ಭಾರ ಕುಳಿತು, ಬಂಡಿಯನ್ನು ನಾಲ್ಕು ಸಲ ಹಿಂದೆಮುಂದೆ ತಳ್ಳಿದ ಮೇಲೆ ಕೊನೆಯ ಬಿಗಿ ಹಾಕಬೇಕು. ನಿಮ್ಮ ಕಣ್ಣೆದುರೇ ಇದನ್ನು ಮಾಡಿಸಿ.

ಎತ್ತರ ಅಳೆಯಲು ಪರಿಚಯದವರ ಅದೇ ಮಾದರಿಯ, ಯಾರೂ ಕೈಹಾಕದ ಬಂಡಿಯೊಂದು ಸಿಕ್ಕಿತು. ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದೆ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ನನ್ನದು ಮುಂದೆ 48, ಹಿಂದೆ 60 ಮಿಲಿಮೀಟರ್ ಕಡಿಮೆಯಿತ್ತು. ಟಾರ್ಷನ್ ಬೋಲ್ಟನ್ನು ಮುಂಭಾಗ ಜಾಕ್ ಮೇಲೆತ್ತಿ, ಭಾರ ಬಿಡಿಸಿಕೊಂಡು ಮಾತ್ರ ತಿರುಗಿಸಬೇಕು. ಭಾರದಡಿಯಲ್ಲಿ ತಿರುಗಿಸಿದರೆ ಮರೆ ಕಿತ್ತುಹೋಗುತ್ತದೆ. ಎರಡೂ ಕಡೆ ಸಮ ಸುತ್ತು ಹಾಕಿದರೂ ಎಡಗಡೆ 14 ಮಿಲಿಮೀಟರ್ ಕೆಳಗೇ ಉಳಿಯಿತು. 50 ಕಿಲೋಮೀಟರ್ ಓಡಿಸಿ, ಮತ್ತೆ ಅಳೆದು, ಮತ್ತೆ ತಿರುಗಿಸಿ, ಹೀಗೆ ಮೂರು ಸಲ. ಕೊನೆಗೆ ವ್ಯತ್ಯಾಸ 5 ಮಿಲಿಮೀಟರಿಗೆ ಬಂದು ನಿಂತಿತು. ಬಂಪ್ ಸ್ಟಾಪಿನ ಬಳಿ ಈಗ ಮೂರು ಬೆರಳು ಸಲೀಸಾಗಿ ಹೋಗುತ್ತವೆ. ಎತ್ತರ ಬದಲಾದರೆ ಚಕ್ರಗಳ ಕೋನವೂ ಬದಲಾಗುತ್ತದೆ, ಆದ್ದರಿಂದ ವೀಲ್ ಅಲೈನ್‌ಮೆಂಟನ್ನು ಎಲ್ಲ ಮುಗಿದ ಮೇಲೆ ಮಾಡಿಸಿ. ನಾನು ಅವಸರಪಟ್ಟು ಎರಡು ಸಲ ದುಡ್ಡು ಕೊಟ್ಟೆ. ಟಾರ್ಷನ್ ಹೊಂದಾಣಿಕೆಯ ಕೂಲಿ ಸೇರಿ ಅದು 2,400.

ಎಲ್ಲ ಸೇರಿ 37,350 ರೂಪಾಯಿ. ದಪ್ಪ ಬಾರ್ ಹಾಕಿಸಲು ಕೇಳಿದ ಮೊತ್ತಕ್ಕೆ ಹೆಚ್ಚುಕಡಿಮೆ ಸಮ. ಅದನ್ನು ಹಾಕಿಸಿದ್ದರೆ ಮುರಿದ ಲಿಂಕ್, ಕತ್ತರಿಸಿದ ಸ್ಪ್ರಿಂಗ್ ಜಾಗಕ್ಕೆ ಹೊಸದು ಬರುತ್ತಿತ್ತೇ ಹೊರತು, ಸವೆದ ತೋಳಿನ ಬುಷ್, ತಗ್ಗಿದ ಎತ್ತರ ಹಾಗೆಯೇ ಉಳಿಯುತ್ತಿತ್ತು.

ಫಲಿತಾಂಶವನ್ನು ಅನಿಸಿಕೆಗೆ ಬಿಡಬಾರದು ಎಂದು ಮೊದಲೇ ಒಂದು ಕೆಲಸ ಮಾಡಿದ್ದೆ. ನಮ್ಮೂರ ಒಳರಸ್ತೆಯಲ್ಲಿ ವಾಹನ ಓಡಾಡದ ಹೊತ್ತಿನಲ್ಲಿ, ಒಂದೇ ತಿರುವಿನಲ್ಲಿ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ನನ್ನ ತಮ್ಮ ಎದುರಿನಿಂದ ಫೋಟೋ ತೆಗೆಯುತ್ತಿದ್ದ. ಮನೆಗೆ ಬಂದು ಚಿತ್ರವನ್ನು ಮುದ್ರಿಸಿ, ಬಂಪರಿನ ಗೆರೆಗೂ ರಸ್ತೆಯ ಗೆರೆಗೂ ಮಗಳ ಜ್ಯಾಮಿಟ್ರಿ ಪೆಟ್ಟಿಗೆಯ ಕೋನಮಾಪಕ ಇಟ್ಟು ನೋಡುತ್ತಿದ್ದೆವು. ಶುರುವಿನಲ್ಲಿ ಸುಮಾರು 5 ಡಿಗ್ರಿ. ಹೊಸ ಶಾಕ್ ಹಾಕಿದ ಮೇಲೂ 5. ಸ್ಟೆಬಿಲೈಸರ್ ಸರಿಯಾದ ಮೇಲೆ ನಾಲ್ಕಕ್ಕೂ ಕೆಳಗೆ. ಎತ್ತರ, ಬುಷ್ ಎಲ್ಲ ಮುಗಿದಾಗ 3. ಮಗಳು ಆ ನಾಲ್ಕು ಚಿತ್ರಗಳನ್ನು ಸಾಲಾಗಿ ಗೋಡೆಗೆ ಅಂಟಿಸಿದ್ದಾಳೆ. ಸಫಾರಿ ಕಾರಿನ ಹಾಗೆ ಮಟ್ಟವಾಗಿ ತಿರುಗುವುದಿಲ್ಲ. 1.9 ಮೀಟರಿಗೂ ಎತ್ತರದ, ಎರಡು ಟನ್ನಿಗೆ ಹತ್ತಿರದ ವಾಹನ ಅಷ್ಟಾದರೂ ವಾಲಿಯೇ ವಾಲುತ್ತದೆ. ಆದರೆ ಈಗ ವಾಲುವಾಗ ಒಂದು ಹದವಿದೆ. ಎಲ್ಲಿ ನಿಲ್ಲುತ್ತದೆ ಎಂದು ಕೈಗೆ ಮೊದಲೇ ತಿಳಿಯುತ್ತದೆ.

ಸೆಪ್ಟೆಂಬರಿನಲ್ಲಿ ಆರ್‌ಸಿ ನವೀಕರಣಕ್ಕೆ ಅರ್ಜಿ ಹಾಕಿದೆ. ಅವಧಿ ಮುಗಿಯುವ ಮೊದಲಿನ 60 ದಿನಗಳ ಒಳಗೆ ನಮೂನೆ 25ರಲ್ಲಿ ಅರ್ಜಿ ಕೊಡಬೇಕು. 15 ವರ್ಷ ತುಂಬಿದ ಖಾಸಗಿ ಕಾರಿಗೆ 2025ರಲ್ಲಿ ಶುಲ್ಕ 5,000 ರೂಪಾಯಿ ಇತ್ತು, ಹಸಿರು ತೆರಿಗೆ ಬೇರೆ. ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ, ಮೂಲ ಆರ್‌ಸಿ, ಪೆನ್ಸಿಲಿನಲ್ಲಿ ತಿಕ್ಕಿ ತೆಗೆದ ಚಾಸಿಸ್ ಸಂಖ್ಯೆಯ ಅಚ್ಚು, ಇವೆಲ್ಲ ಸಿದ್ಧವಿರಲಿ. ಮುಂಭಾಗದ ಕಬ್ಬಿಣದ ಗಾರ್ಡನ್ನು ಮೊದಲೇ ಬಿಚ್ಚಿಸಿದ್ದೆ. 2017ರ ಡಿಸೆಂಬರಿನಲ್ಲೇ ಕೇಂದ್ರ ಸರ್ಕಾರ ಅಂಥ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿದೆ. ಬೆಳಿಗ್ಗೆ 10ಕ್ಕೆ ಹೋದವನ ಸರದಿ ಬಂದದ್ದು ಮಧ್ಯಾಹ್ನ 2.40ಕ್ಕೆ. ನಿರೀಕ್ಷಕರು ಬಗ್ಗಿ ಸ್ಪ್ರಿಂಗು, ಬ್ರೇಕ್ ಪೈಪು ನೋಡಿದರು, ಏನೂ ಹೇಳಲಿಲ್ಲ. ಸಿಕ್ಕಿಬಿದ್ದದ್ದು ನಾನು ಗಮನಿಸದೇ ಬಿಟ್ಟಿದ್ದ ಹೆಡ್‌ಲೈಟಿನಲ್ಲಿ. ಹಿಂದಿನವರು ಹಾಕಿಸಿದ್ದ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಬಲ್ಬು. ತೆಗೆಸಿ, ಮೂಲದ ಹ್ಯಾಲೊಜೆನ್ ಹಾಕಿಸಿಕೊಂಡು ನಾಲ್ಕು ದಿನ ಬಿಟ್ಟು ಮತ್ತೆ ಹೋದೆ. ಆ ದಿನ ಹದಿನೈದು ನಿಮಿಷದಲ್ಲಿ ಮುಗಿಯಿತು. ಈಗ ನೋಂದಣಿ 2030ರ ಅಕ್ಟೋಬರಿನವರೆಗೆ ಇದೆ.

ದಸರೆಯ ರಜೆಯಲ್ಲಿ ಅಮ್ಮನನ್ನು ಅದೇ ಚಾರ್ಮಾಡಿಯ ದಾರಿಯಲ್ಲಿ ಕರೆದೊಯ್ದೆ. ಹೊರಡುವಾಗ ನಿಂಬೆಹಣ್ಣು ಮರೆಯದೆ ಇಟ್ಟುಕೊಂಡರು. ಮೂರನೆಯ ತಿರುವಿನ ಮೇಲೆ ಹಿಡಿಕೆಯಿಂದ ಒಂದು ಕೈ ತೆಗೆದರು. ಕೆಳಗಿಳಿಯುವ ಹೊತ್ತಿಗೆ, ನಾನು ತಿರುವುಗಳಿಗೆ ಸ್ವಲ್ಪ ಮೊದಲೇ ಬ್ರೇಕ್ ಹಾಕಿದರೆ ಇನ್ನೂ ಹಿತವಾಗಿರುತ್ತದೆ ಎಂದು ಹೇಳಿಕೊಡುತ್ತಿದ್ದರು. ಅವರು ಹೇಳಿದ್ದು ಸರಿಯೇ. ಬಂಡಿ ಸರಿಯಾಗಿದ್ದರೂ ತಿರುವಿನ ಒಳಗೆ ಬ್ರೇಕ್ ಒತ್ತಿದರೆ ಮೂತಿ ಕೆಳಗಾಗಿ ಹೊರಗಿನ ಮುಂಚಕ್ರದ ಮೇಲೆ ಭಾರ ಬೀಳುತ್ತದೆ.

ಎಡ ಮುಂಭಾಗದ ಎತ್ತರವನ್ನು 1,000 ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಅಳೆಯಬೇಕು, ಹೊಸದಾಗಿ ತಿರುಗಿಸಿದ ಟಾರ್ಷನ್ ಬಾರ್ ಸ್ವಲ್ಪ ಕುಳಿತುಕೊಂಡಿರಬಹುದು. ಕತ್ತರಿಸಿದ ಹಳೆಯ ಸ್ಪ್ರಿಂಗುಗಳು ಮೇಸ್ತ್ರಿಯ ಶೆಡ್ಡಿನಲ್ಲೇ ಬಿದ್ದಿದ್ದವು. ಯಾರೋ ಕೊಳ್ಳಲು ಕೇಳಿದ್ದಾರೆ ಎಂದು ಫೋನ್ ಮಾಡಿದರು. ನಾನು ಹೋಗಿ, ಎರಡನ್ನೂ ನನ್ನೆದುರೇ ನಾಲ್ಕು ತುಂಡು ಮಾಡಿಸಿ ಗುಜರಿಗೆ ಹಾಕಿಸಿ ಬಂದೆ.